ನೂರು ದಾಟಿದರೆ ವಾಪಸ್

ಮೊದಲು ಕೈಕೊಟ್ಟದ್ದು ಮೊಣಕಾಲು. ಎದೆಯ ಸರದಿ ಆಮೇಲೆ ಬಂತು.

ನನ್ನ ತಮ್ಮ ಗುರುರಾಜ ಹೈದರಾಬಾದಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದ. ಕಟ್ಟಡ ಇನ್ನೂ ಮುಗಿದಿರಲಿಲ್ಲ. "ಅಕ್ಕಾ, ನೀ ಒಮ್ಮೆ ನೋಡಿ ಹೂಂ ಅನ್ನಬೇಕು ನೋಡು" ಎಂದು ಒಂದು ಭಾನುವಾರ ಕರೆದುಕೊಂಡು ಹೋದ. ಹತ್ತೊಂಬತ್ತನೆಯ ಮಹಡಿ. ಲಿಫ್ಟಿನಿಂದ ಹೊರಗೆ ಬಂದರೆ ಉದ್ದನೆಯ ಕಾರಿಡಾರ್, ಅದರ ಕೊನೆಯಲ್ಲಿ ಅವನ ಮನೆಯ ಬಾಗಿಲು. ಕಾರಿಡಾರಿನ ಒಂದು ಪಕ್ಕ ಗೋಡೆ. ಇನ್ನೊಂದು ಪಕ್ಕ ಏನೂ ಇಲ್ಲ. ಗಾಳಿ ಬೆಳಕು ಬರಲಿ ಎಂದು ಕಟ್ಟಡದ ನಟ್ಟನಡುವೆ ಬಾವಿಯ ಹಾಗೆ ನೆಲದ ತನಕ ಬಯಲು ಬಿಟ್ಟಿದ್ದಾರೆ. ಆಗಿನ್ನೂ ಕಟಕಟೆ ಹಾಕಿರಲಿಲ್ಲ, ಬರೀ ಒಂದು ಹಗ್ಗ ಕಟ್ಟಿದ್ದರು. ನಾನು ಸುಮ್ಮನೆ ಬಗ್ಗಿ ನೋಡಿದೆ. ಕೆಳಗೆ ಮರಳು ಜರಡಿ ಹಿಡಿಯುತ್ತಿದ್ದ ಹೆಂಗಸರು ಕಂಡರು. ಬೆರಳಷ್ಟು ಕಂಡರು.

ಮೊಣಕಾಲಿನಲ್ಲಿ ನೀರು ಹೊಕ್ಕ ಹಾಗಾಯಿತು. ಅಲ್ಲೇ ಕುಳಿತೆ. ಗೋಡೆಗೆ ಬೆನ್ನು ಹಚ್ಚಿಕೊಂಡು, ಸೀರೆ ಸಿಮೆಂಟಿನಲ್ಲಿ ಎಳೆದುಕೊಂಡು, ಕೂತಲ್ಲೇ ಸರಿಯುತ್ತ ಲಿಫ್ಟಿಗೆ ಬಂದೆ. ತಮ್ಮ ಮೊದಲು ನಕ್ಕ. ನನ್ನ ಮುಖ ನೋಡಿ ಓಡಿಹೋಗಿ ಲಿಫ್ಟಿನ ಗುಂಡಿ ಒತ್ತಿದ. ಕೆಳಗೆ ಬಂದ ಮೇಲೆ ಎದೆ ಹೊಡೆದುಕೊಳ್ಳಲು ಶುರುವಾಯಿತು ನೋಡಿ, ಕಿವಿಯಲ್ಲಿ ಕೇಳಿಸುತ್ತಿತ್ತು. ಸತ್ತೇ ಹೋದೆ ಅಂದುಕೊಂಡೆ.

ಅಲ್ಲಿಂದ ನೇರ ಆಸ್ಪತ್ರೆಗೆ. ಇಸಿಜಿ, ಎಕೋ, ರಕ್ತ ಪರೀಕ್ಷೆ. ಮಾರನೆಯ ದಿನ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ವಯಸ್ಸಾದ ಕಾರ್ಡಿಯಾಲಜಿಸ್ಟ್ ಕಾಗದಗಳನ್ನು ತಿರುವಿಹಾಕಿ ತೆಲುಗಿನಲ್ಲಿ ಹೇಳಿದರು: "ಮೀ ಗುಂಡೆ ಬಂಗಾರಂ ಅಮ್ಮಾ." ನಿಮ್ಮ ಹೃದಯ ಬಂಗಾರ.

"ಬಂಗಾರ ಇದ್ರ ಹಿಂಗ್ಯಾಕ ಬಡಕೋತೈತಿ?" ಎಂದು ನಾನು ಕನ್ನಡದಲ್ಲಿ ತಮ್ಮನನ್ನು ಕೇಳಿದೆ. ಅವನು ಡಾಕ್ಟರನ್ನು ಕೇಳಿದ. ಡಾಕ್ಟರ್ ಪ್ಯಾನಿಕ್ ಎಂದರು, ಫೋಬಿಯಾ ಎಂದರು. ಸೈಕಾಲಜಿಸ್ಟ್ ಹತ್ತಿರ ಹೋಗಲು ಹೇಳಿದರು. ಹುಚ್ಚರ ಡಾಕ್ಟರ್ ನನಗೇಕೆ ಎಂದು ನಾನು ಎದ್ದು ಬಂದೆ. ನನ್ನ ತಲೆ ಸರಿ ಇತ್ತು. ಹಾಳಾದ ಎದೆ ಸರಿ ಇರಲಿಲ್ಲ, ಅಷ್ಟೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹೆಸರು ನಿರ್ಮಲಾ. ಊರು ಲಿಂಗಸುಗೂರು ಕಡೆ. ಅಪ್ಪ ಹೈದರಾಬಾದಿಗೆ ಬಟ್ಟೆ ಅಂಗಡಿಯ ಲೆಕ್ಕ ಬರೆಯಲು ಬಂದರು, ನಾವೂ ಬಂದೆವು. ಅವ್ವ ಹೋದಾಗ ಗುರು ಎರಡನೆಯ ಕ್ಲಾಸು. ಅವನಿಗೆ ಎಣ್ಣೆ ಹಚ್ಚಿ ಎರೆದವಳು, ಬೈದವಳು, ಬಡಿದವಳು ಎಲ್ಲ ನಾನೇ. ನನ್ನ ಮದುವೆ ಆಗಲಿಲ್ಲ. ಬಿಡಿ, ಅದು ಬೇರೆ ಕಥೆ. ದಿಲ್‌ಸುಖ್‌ನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಇಪ್ಪತ್ತು ವರ್ಷದ ಮೇಲಾಯಿತು ಊರ ಜನರ ಮೂಗಿನ ಮೇಲೆ ಫ್ರೇಮ್ ಇಟ್ಟು, "ಇದು ಸ್ಪಷ್ಟ ಕಾಣ್ತದೋ, ಅದೋ?" ಎಂದು ಕೇಳುತ್ತಿದ್ದೇನೆ. ಅಂಗಡಿಯ ಪಕ್ಕದ ಓಣಿಯಲ್ಲೇ ಎರಡು ಕೋಣೆಯ ಮನೆ. ನೆಲಮಹಡಿ.

ತಮ್ಮ ಪ್ರೀತಿಯಿಂದ ಒಂದು ಕೆಲಸ ಮಾಡಿದ. ಎದೆಬಡಿತ ತೋರಿಸುವ ಸ್ಮಾರ್ಟ್ ವಾಚ್ ತಂದು ನನ್ನ ಕೈಗೆ ಕಟ್ಟಿದ. "ನೂರರ ಮ್ಯಾಲ ಹೋದ್ರ ಝುಂ ಅಂತೈತಿ ಅಕ್ಕಾ. ಆಗ ಸುಮ್ಮ ಕುಂದರು."

ಅದೇ ಹೆಚ್ಚು ಕೆಟ್ಟದ್ದಾಯಿತು.

ಆ ವಾಚು ನನಗೆ ಅತ್ತೆಯಾಯಿತು. ಅದು ಝುಂ ಅಂದರೆ ನಾನು ನಿಲ್ಲುತ್ತಿದ್ದೆ. ನೂರು ದಾಟಿದರೆ ವಾಪಸ್, ಅದೊಂದೇ ಕಾಯಿದೆ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಝುಂ ಅಂದಿತು, ಮೆಟ್ರೋ ಬಿಟ್ಟೆ. ನಮ್ಮ ಅಂಗಡಿಯ ಸ್ಟಾಕ್ ಮೇಲಿನ ಮಹಡಿಯಲ್ಲಿತ್ತು; ಅದನ್ನು ತರಲು ಹುಡುಗಿಯರನ್ನು ಕಳಿಸತೊಡಗಿದೆ. ಒಮ್ಮೆ ಖಾರದ ಮಿರ್ಚಿ ತಿಂದಾಗಲೂ ಅಂದಿತು, ಮಿರ್ಚಿಯನ್ನೂ ಬಿಟ್ಟೆ. ಹಿಂದಕ್ಕೆ ತಿರುಗಿದ ಕೂಡಲೇ ಅಂಕಿ ಇಳಿಯುತ್ತಿತ್ತು. ಅಬ್ಬಾ, ಬದುಕಿದೆ ಅನ್ನಿಸುತ್ತಿತ್ತು. ನಾನು ಹೋಗಬಹುದಾದ ಜಾಗ ದಿನದಿನಕ್ಕೆ ಚಿಕ್ಕದಾಗುತ್ತಿದೆ ಎಂಬುದು ಗೊತ್ತೇ ಆಗಲಿಲ್ಲ.

ತಮ್ಮನ ಗೃಹಪ್ರವೇಶದ ದಿನ ರೇಷ್ಮೆ ಸೀರೆ ಉಟ್ಟು, ಕಳಸದ ತಟ್ಟೆ ಹಿಡಿದು ಲಿಫ್ಟ್ ಹತ್ತಿದೆ. ಲಿಫ್ಟಿನ ಹೆದರಿಕೆ ನನಗಿಲ್ಲ. ಹತ್ತೊಂಬತ್ತಕ್ಕೆ ಬಾಗಿಲು ತೆರೆಯಿತು. ಈಗ ಕಟಕಟೆ ಬಂದಿತ್ತು, ಆದರೆ ಗಾಜಿನದು. ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಕಾಣೆ. ಹೊರಗೆ ಹೆಜ್ಜೆ ಇಡಲಾಗಲಿಲ್ಲ. ಬಾಗಿಲು ತಾನೇ ಮುಚ್ಚಿಕೊಂಡಿತು. ಯಾರೋ ಕೆಳಗೆ ಒತ್ತಿದರು, ಇಳಿದೆ. ಮತ್ತೆ ಹತ್ತಿದೆ. ಮತ್ತೆ ತೆರೆಯಿತು. ಮತ್ತೆ ಇಳಿದೆ. ವಾಚ್‌ಮನ್ ನೋಡಿ ನೋಡಿ, "ಅಮ್ಮಾ, ಏ ಫ್ಲೋರ್?" ಎಂದು ಕೇಳಿದ. ಯಾವ ಮಹಡಿ ಎಂದು ಏನು ಹೇಳಲಿ? ಮೆಟ್ಟಿಲು ಹತ್ತಿದರೂ ಕೊನೆಗೆ ಬರುವುದು ಅದೇ ಕಾರಿಡಾರಿಗೆ. ಕೆಳಗೆ ಲಾಬಿಯ ಸೋಫಾದಲ್ಲಿ ಕುಳಿತು, ಡಬ್ಬಿಯಲ್ಲಿ ಕಳಿಸಿದ ಹೋಳಿಗೆ ತಿಂದು ಮನೆಗೆ ಬಂದೆ.

ಆಮೇಲಿನ ದಿನಗಳಲ್ಲಿ ಅವರೇ ನನ್ನ ಮನೆಗೆ ಬರುತ್ತಿದ್ದರು. ಹಬ್ಬ ಹುಣ್ಣಿಮೆ ಎಲ್ಲ ನನ್ನ ಎರಡು ಕೋಣೆಯಲ್ಲಿ. ನಡೆದುಹೋಗುತ್ತಿತ್ತು. ತಮ್ಮನ ಹೆಂಡತಿ ಅಶ್ವಿನಿ ಗರ್ಭಿಣಿಯಾಗುವ ತನಕ.

ಎಂಟು ವರ್ಷ ಕಾದ ಮೇಲೆ ನಿಂತ ಗರ್ಭ. ಹೆಣ್ಣು ಕೂಸು. ಆಸ್ಪತ್ರೆಯ ನೆಲಮಹಡಿಯಲ್ಲೇ ನೋಡಿದೆ, ದೇವರು ದೊಡ್ಡವನು. ಕೂಸಿನ ಹಣೆ ಥೇಟ್ ಗುರುವಿನ ಹಣೆ. ಅವನನ್ನು ಬೆಳೆಸಿದ ವರ್ಷಗಳೆಲ್ಲ ಒಮ್ಮೆಗೇ ಮೈಮೇಲೆ ಬಂದವು. ಇದನ್ನೂ ನಾನೇ ಎರೆಯಬೇಕು ಅನ್ನಿಸಿತು. ಮೂರು ದಿನಕ್ಕೆ ತಾಯಿ ಮಗು ಹತ್ತೊಂಬತ್ತನೆಯ ಮಹಡಿಗೆ ಹೋದರು. ಬಾಣಂತನಕ್ಕೆ ಅಶ್ವಿನಿಯ ತಾಯಿ ಶಾಂತವ್ವ ಊರಿನಿಂದ ಬಂದಿದ್ದರು. ನಾನು ಕೆಳಗೆ ಉಳಿದೆ.

ನಮ್ಮ ಕಡೆ ಕೂಸಿಗೆ ಹೆಸರಿಡುವುದು ಸೋದರತ್ತೆ. ತೊಟ್ಟಿಲ ಹತ್ತಿರ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಉಸುರಬೇಕು. ಆಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ನಗೆಯೋ ನಗೆ. ಅಪ್ಪನ ಅಕ್ಕತಂಗಿಯರ ಹಕ್ಕು ಅದು. ಈ ಕೂಸಿಗೆ ಸೋದರತ್ತೆ ಎಂದರೆ ನಾನೊಬ್ಬಳೇ.

ಹದಿಮೂರನೆಯ ದಿನ ತೊಟ್ಟಿಲು ಕಟ್ಟಿದರು. ನಾನು ಲಿಫ್ಟಿನ ಬಾಗಿಲ ತನಕ ಹೋಗಿ ಬಂದೆ. ಹೆಸರಿಡಲಿಲ್ಲ. ತಿಂಗಳಿಗೆ ಎಂದರು. ತಿಂಗಳಿಗೂ ಅಷ್ಟೇ. ತಮ್ಮ ಒಂದು ದಿನ ಅಂಗಡಿಗೆ ಬಂದು ನಿಂತ.

"ಅಕ್ಕಾ, ಕೆಳಗ ಕ್ಲಬ್‌ಹೌಸ್ ಐತಿ. ತೊಟ್ಟಿಲಾ ಅಲ್ಲೇ ತಂದು ಇಡೂಣು. ಎಲ್ಲಾರೂ ಕೆಳಗ ಬರ್ತಾರ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನಗೇ ಸಿಟ್ಟು ನೆತ್ತಿಗೇರಿತು. "ನನ್ನ ಸಲುವಾಗಿ ಊರ ಮಂದಿನ್ನೆಲ್ಲ ಕೆಳಗ ಇಳಸ್ತೀಯೇನೋ? ಕೂಸಿಗೆ ತನ್ನ ಮನಿ ಇಲ್ಲೇನು? ನಾಳೆ ಅದಕ್ಕ ಜ್ವರ ಬಂತಂದ್ರ ಲಿಫ್ಟಿನ್ಯಾಗ ಕೆಳಗ ಕಳಸ್ತೀಯೇನು, ನಾ ಹಣಿ ಮುಟ್ಟಿ ನೋಡಾಕ?"

ಗಿರಾಕಿಗಳು ನೋಡುತ್ತಿದ್ದರು. ಅವನು ಕಣ್ಣು ಒರೆಸಿಕೊಂಡು ಹೋದ. ನಾನು ಇನ್ನೊಬ್ಬರ ಫ್ರೇಮ್ ಒರೆಸಿದೆ.

ಶಾಂತವ್ವ ಫೋನಿನಲ್ಲಿ ಬೇರೆ ರೀತಿ ಮಾತಾಡಿದರು. ಅವರ ಮಾತಿನಲ್ಲಿ ಬೆಣ್ಣೆ ಇಲ್ಲ. "ನೋಡವಾ ತಂಗಿ, ಸೋದರತ್ತಿ ಬರೂತನಕ ಈ ಕೂಸಿಗೆ ಹೆಸರಿಲ್ಲ. ನಾ ಅಂತೂ ಇನ್ನೊಬ್ಬಾಕಿ ಕೈಲೆ ಇಡಸೂದಿಲ್ಲ. ಕೂಸ ಕೂಸ ಅಂತ ಎಷ್ಟು ದಿನ ಕರಿಯೂಣು? ಬೇಕಂದ್ರ ಬಾ. ಬ್ಯಾಡಂದ್ರ ಹಂಗ ಹೇಳು."

"ಬೇಕ್ರೀ ಬೀಗರ" ಎಂದೆ. ಬೇಕು ಅನ್ನುವುದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇರಲಿಲ್ಲ.

ಆ ವಾರ ಅಶ್ವಿನಿ ಕೂಸನ್ನು ಚುಚ್ಚುಮದ್ದಿಗೆ ಕರೆದೊಯ್ಯುವ ಮೊದಲು ಲಾಬಿಯಲ್ಲಿ ನನಗಾಗಿ ಕಾದಿದ್ದಳು. ಕೂಸನ್ನು ನನ್ನ ತೋಳಿಗೆ ಕೊಟ್ಟಳು. ಹಾಲಿನ ವಾಸನೆ. ಕಣ್ಣು ಬಿಟ್ಟು ನನ್ನ ಕನ್ನಡಕವನ್ನೇ ನೋಡುತ್ತಿತ್ತು. ನಾನು ಏನೋ ಹಾಡಲು ಬಾಯಿ ತೆರೆದೆ. ಕೈಯಲ್ಲಿ ಝುಂ ಎಂದಿತು. ನೋಡಿದರೆ ನೂರ ಹದಿನೆಂಟು.

ಕೂಸನ್ನು ವಾಪಸ್ ಕೊಟ್ಟುಬಿಟ್ಟೆ.

"ಹಿಡಕೊ ಹಿಡಕೊ, ನನಗ ಎದಿ ಬಡಕೊಳ್ಳಾಕತ್ತೈತಿ" ಎಂದು ಎದ್ದು ಹೊರಗೆ ಬಂದೆ. ಗೇಟಿನ ಹತ್ತಿರ ನಿಂತು ಉಸಿರು ಎಳೆದುಕೊಂಡೆ. ಅಂಕಿ ಇಳಿಯಿತು. ಹಿಂದಿನಿಂದ ಕೂಸಿನ ಅಳು ಕೇಳಿಸಿತು. ಅಲ್ಲಿ ಎತ್ತರ ಇರಲಿಲ್ಲ, ಬಾವಿ ಇರಲಿಲ್ಲ, ಗಾಜು ಇರಲಿಲ್ಲ. ಅಮೃತಶಿಲೆಯ ಸಪಾಟು ನೆಲ. ಮತ್ತೇಕೆ ಓಡಿಬಂದೆ? ಆ ಹೊತ್ತಿಗೆ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಮಾರನೆಯ ದಿನ ನಾನಾಗಿಯೇ ತಮ್ಮನಿಗೆ ಫೋನ್ ಮಾಡಿ, ಆ ಹುಚ್ಚರ ಡಾಕ್ಟರ್ ಎಲ್ಲಿ ಕೂಡುತ್ತಾರೆ ಎಂದು ಕೇಳಿದೆ.

ಹಿಮಾಯತ್‌ನಗರದ ಕ್ಲಿನಿಕ್. ಪುಣ್ಯಕ್ಕೆ ನೆಲಮಹಡಿ. ಸೈಕಾಲಜಿಸ್ಟ್ ಮಾಧವಿ ಮೇಡಂ ನನಗಿಂತ ತುಂಬಾ ಚಿಕ್ಕವರು, ತೆಲುಗಿನವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ನಗಲಿಲ್ಲ. ಹೆಡ್‌ಸೆಟ್ ಎಂಬ ಒಂದು ದೊಡ್ಡ ಕಪ್ಪು ಕನ್ನಡಕದಂಥದ್ದನ್ನು ತೋರಿಸಿ, ಇದನ್ನು ಹಾಕಿದರೆ ಎತ್ತರದ ಜಾಗ ಕಾಣುತ್ತದೆ, ನೀವು ಮಾತ್ರ ಇದೇ ಕೋಣೆಯಲ್ಲಿ ಇರುತ್ತೀರಿ ಎಂದರು. ಎದೆಗೆ ಒಂದು ಪಟ್ಟಿ ಕಟ್ಟಿದರು, ಹಾರ್ಟ್ ರೇಟ್ ಅವರ ಕಂಪ್ಯೂಟರಿನಲ್ಲಿ ಗೆರೆಯಾಗಿ ಓಡುತ್ತದಂತೆ.

ನಾನು ಹೆಡ್‌ಸೆಟ್ಟನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟು ಭಾರದ ಫ್ರೇಮ್ ನಮ್ಮ ಅಂಗಡಿಯಲ್ಲಿ ಇಟ್ಟರೆ ಗಿರಾಕಿ ಓಡಿಹೋಗ್ತಾರೆ ಮೇಡಂ" ಎಂದೆ. ಆಗ ಅವರು ನಕ್ಕರು.

ಹಾಕಿದರು. ಕೋಣೆ ಮಾಯವಾಯಿತು. ಗೊಂಬೆಯಾಟದ ಚಿತ್ರ ಎಂದು ಗೊತ್ತು. ಗೋಡೆಗೆ ಬಣ್ಣ ಸರಿಯಾಗಿ ಬಿದ್ದಿಲ್ಲ ಎಂಬುದೂ ಕಾಣುತ್ತಿತ್ತು. ಉದ್ದನೆಯ ಕಾರಿಡಾರ್, ಒಂದು ಪಕ್ಕ ಬಯಲು, ಕೊನೆಯಲ್ಲಿ ಬಾಗಿಲು. ಕೆಳಗೆ ಬೆರಳಷ್ಟು ಕಾರುಗಳು. ಸುಳ್ಳು ಎಂದು ಕಣ್ಣಿಗೆ ಗೊತ್ತು, ಮೊಣಕಾಲಿಗೆ ಗೊತ್ತಿಲ್ಲ. "ಅಯ್ಯಯ್ಯೋ" ಎಂದು ಚೀರಿ ಹೆಡ್‌ಸೆಟ್ ಕಿತ್ತುಹಾಕಿದೆ. ಮೊದಲ ಸೆಷನ್ ಅಷ್ಟಕ್ಕೇ ಮುಗಿಯಿತು.

ಎರಡನೆಯದರಲ್ಲಿ ನಿಂತೆ. ಮೂರನೆಯದರಲ್ಲಿ ಗೋಡೆಯ ಪಕ್ಕ ಒಂದೆರಡು ಹೆಜ್ಜೆ. ಮೇಡಂ ನಡುನಡುವೆ ಕೇಳುತ್ತಿದ್ದರು: "ಭಯಂ ಎಂತ ಅಮ್ಮಾ?" ಹೆದರಿಕೆ ಎಷ್ಟು, ನೂರಕ್ಕೆ ಎಷ್ಟು ಎಂದು. ನಾನು ಕೈ ನೋಡಿಕೊಳ್ಳಲು ಹೋಗುತ್ತಿದ್ದೆ. ಆ ಕನ್ನಡಕದೊಳಗೆ ನನ್ನ ಕೈಯೇ ಕಾಣುತ್ತಿರಲಿಲ್ಲ. ವಾಚು ನೋಡದೆ ನನ್ನ ಹೆದರಿಕೆ ಎಷ್ಟು ಎಂದು ಹೇಳಲು ನನಗೆ ಬರುತ್ತಿರಲಿಲ್ಲ ನೋಡಿ. ಎಂಥ ಗತಿ!

ಒಂದು ದಿನ ಮೇಡಂ ನನ್ನನ್ನು ಅಂಚಿನ ತೀರ ಹತ್ತಿರ ನಿಲ್ಲಿಸಿದರು. ನಿಂತೆ. ಅಲುಗಾಡಲಿಲ್ಲ. ಮಾತೂ ಆಡಲಿಲ್ಲ. ಬಹಳ ಹೊತ್ತಾದ ಮೇಲೆ ಹೆಡ್‌ಸೆಟ್ ತೆಗೆದು ಕಂಪ್ಯೂಟರ್ ನೋಡುತ್ತೇನೆ, ಅಂಚಿಗೆ ಬಂದಾಗ ಎದೆಬಡಿತ ಅರವತ್ತೆಂಟು! ಮನೆಯಲ್ಲಿ ಚಹಾ ಕುಡಿಯುವಾಗಲೂ ಅಷ್ಟು ಕಡಿಮೆ ಇರುವುದಿಲ್ಲ. ನನಗೆ ಕುಣಿದಾಡುವಷ್ಟು ಖುಷಿ. "ವಾಸಿಯಾಯಿತು ಮೇಡಂ" ಎಂದೆ. ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ. "ತೊಟ್ಟಿಲಾ ಕಟ್ಟೋ ಗುರು, ನಾ ಬರಾಕತ್ತೀನಿ."

ಮೇಡಂ ಫೋನ್ ಇಡಲು ಹೇಳಿದರು.

ವಾಸಿಯಾಗಿಲ್ಲ ಎಂದರು. ಆ ಹೊತ್ತಿನಲ್ಲಿ ನಾನು ಹಾವು ಕಂಡ ಇಲಿಯ ಹಾಗೆ ಮರಗಟ್ಟಿದ್ದೆನಂತೆ. ಕೆಲವರ ಮೈ ಹೆದರಿದಾಗ ಓಡುವುದಿಲ್ಲ, ಗಪ್ಪೆಂದು ನಿಲ್ಲುತ್ತದೆ. ಆಗ ಎದೆಯೂ ನಿಧಾನವಾಗುತ್ತದೆ. ಮತ್ತೆ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಹೆಜ್ಜೆ ಹಾಕಿದಲ್ಲೆಲ್ಲ ಗೆರೆ ಮೇಲೆ ಏರಿತ್ತು. ನಿಂತಲ್ಲಿ, ಹಿಂದಕ್ಕೆ ಸರಿದಲ್ಲಿ ಇಳಿದಿತ್ತು. "ನೀವು ಇಷ್ಟು ದಿನ ಈ ಇಳಿಯುವುದನ್ನೇ ಔಷಧಿ ಅಂದುಕೊಂಡಿದ್ದೀರಿ ಅಮ್ಮಾ. ತಿರುಗಿ ಬಂದಾಗಲೆಲ್ಲ ನಿಮ್ಮ ಮೈ ಒಂದೇ ಪಾಠ ಕಲಿಯಿತು, ತಿರುಗಿ ಬಂದದ್ದಕ್ಕೇ ಉಳಿದೆ ಎಂದು. ಹೋಗಿದ್ದರೂ ಉಳಿಯುತ್ತಿದ್ದಿರಿ. ಅದನ್ನು ನೋಡಲು ಒಮ್ಮೆಯೂ ಬಿಡಲಿಲ್ಲ ನೀವು."

ನನಗೆ ಕೆಟ್ಟ ಕೋಪ ಬಂತು. ಆದರೆ ಮೆಟ್ರೋ, ಸ್ಟಾಕ್ ರೂಮು, ಮಿರ್ಚಿ, ಎಲ್ಲ ಸಾಲಾಗಿ ಕಣ್ಣಮುಂದೆ ಬಂದವು.

ವಾಚು ಬಿಚ್ಚಿಸಿದರು. ಅಂದಿನಿಂದ ಅದು ಕಪಾಟಿನಲ್ಲಿ. ಬರಿಗೈ ಎಷ್ಟೋ ದಿನ ತುರಿಸುತ್ತಿತ್ತು.

ಮತ್ತೊಂದು ಸೆಷನ್. ಇದೇ ನಾನು ಹೇಳಬೇಕೆಂದು ಕುಳಿತದ್ದು. ಆ ದಿನ ಕಾರಿಡಾರಿನ ಉದ್ದಕ್ಕೂ ನಡೆದೆ, ಗೋಡೆ ಸವರುತ್ತ, ಬೆವರುತ್ತ. ಕೊನೆಯ ಬಾಗಿಲಿಗೆ ಬಂದೆ. ಅಲ್ಲಿ ಬಯಲು ಇಲ್ಲ, ಎರಡೂ ಕಡೆ ಗೋಡೆ. ಹೆದರುವಂಥದ್ದು ಏನೂ ಇಲ್ಲ. ಆದರೂ ಎದೆ ಎಲ್ಲಕ್ಕಿಂತ ಹೆಚ್ಚು ಅಲ್ಲೇ ಹಾರಿತು. ಮೇಡಂ ಕೇಳಿದರು: "ಭಯಂ ಎಂತ?"

"ಭಯ ಅಲ್ಲ ಮೇಡಂ."

"ಮತ್ತೇನು?"

ಹಳಹಳಿ ಎಂದೆ. ಬಾಯಿಗೆ ಅದೇ ಬಂತು. ತೆಲುಗಿನಲ್ಲಿ ಅದಕ್ಕೆ ಏನೆನ್ನುತ್ತಾರೋ ಹೊಳೆಯಲಿಲ್ಲ. ಹೆಡ್‌ಸೆಟ್ ಹಾಕಿಕೊಂಡೇ ತಡವರಿಸುತ್ತ ಹೇಳಿದೆ. ಬೇಕಾದದ್ದು ಕಣ್ಣೆದುರಿಗೆ ಇದ್ದೂ ಸಿಗುವುದಿಲ್ಲ. ಇದೆ ಎಂದು ಗೊತ್ತು. ಹೊಟ್ಟೆಯೊಳಗೆ ಯಾರೋ ಎಳೆದ ಹಾಗೆ ಆಗುತ್ತದೆ. ಈ ಬಾಗಿಲ ಹಿಂದೆ ನಮ್ಮ ಕೂಸು ಇದೆ ಅನ್ನಿಸಿಬಿಟ್ಟಿತು ಮೇಡಂ. ಇಲ್ಲ ಎಂದು ಗೊತ್ತು. ಆದರೂ ಅನ್ನಿಸಿತು.

ಅವರು ಕೇಳಿದರು: "ಬೆಂಗನಾ?"

ಬೆಂಗ! ಅದೇ. ದಿಲ್‌ಸುಖ್‌ನಗರದಲ್ಲಿ ಇಷ್ಟು ವರ್ಷ ಇದ್ದು ಆ ಮಾತು ನನಗೆ ಹೊಳೆಯಬಾರದೇ? ಕೋಚಿಂಗ್ ಸೆಂಟರಿನ ಹಾಸ್ಟೆಲ್ ಮಕ್ಕಳು ಕಣ್ಣು ಉರಿ, ತಲೆನೋವು ಎಂದು ನಮ್ಮ ಅಂಗಡಿಗೆ ಬರುತ್ತಾರೆ. ಪರೀಕ್ಷೆ ಮಾಡಿದರೆ ನಂಬರ್ ಏನೂ ಇರುವುದಿಲ್ಲ. ಜೊತೆಗೆ ಬಂದ ವಾರ್ಡನ್, "ಅಮ್ಮನ ಮೇಲೆ ಬೆಂಗ ಮೇಡಂ" ಎನ್ನುತ್ತಾಳೆ. ಮನೆಯವರನ್ನು ನೆನೆದು ಒಳಗೊಳಗೇ ಕರಗುವುದು. ಆ ಮಕ್ಕಳಿಗೆ ನಾನು ಎಷ್ಟು ಸಲ ಗ್ಲಾಸು ನೀರು ಕೊಟ್ಟಿಲ್ಲ!

ನಾನು ಆ ಕಪ್ಪು ಡಬ್ಬಿಯೊಳಗೆ ಅತ್ತುಬಿಟ್ಟೆ. ಗಾಜು ಮಂಜಾಯಿತು. ಲಾಬಿಯಲ್ಲಿ ಕೂಸು ತೋಳಲ್ಲಿ ಇದ್ದಾಗ ಎದೆ ಹಾರಿದ್ದು ಅದಕ್ಕೇ. ಅದು ರೋಗವಾಗಿರಲಿಲ್ಲ. ಆಸೆ ಬಡಿದುಕೊಂಡಿತ್ತು. ವಾಚಿಗೆ ಅದು ತಿಳಿಯಬೇಕೆಂದರೆ ಹೇಗೆ ತಿಳಿಯಬೇಕು? ಅದು ಒಂದು ಅಂಕಿ ತೋರಿಸಿತು. ಆ ಅಂಕಿಗೆ ಹೆದರಿಕೆ ಎಂದು ಹೆಸರಿಟ್ಟವಳು ನಾನು. ಹಾಗೆ ಹೆಸರಿಟ್ಟು ಕೂಸನ್ನು ತೋಳಿನಿಂದ ಇಳಿಸಿದೆ.

ಮೇಡಂಗೆ ಇದನ್ನೆಲ್ಲ ಹೇಳಿದೆ. "ನಂಬರ್ ಒಂದರಿಂದಲೇ ನನಗೂ ತಿಳಿಯುವುದಿಲ್ಲ ಅಮ್ಮಾ" ಎಂದರು. "ಅದಕ್ಕೇ ನಿಮ್ಮ ಕಾಲು ನೋಡುತ್ತೇನೆ. ಅಂಚಿನಲ್ಲಿ ಎದೆ ಹಾರಿದಾಗ ನಿಮ್ಮ ಕಾಲು ಹಿಂದೆ ಹೋಗುತ್ತದೆ. ಈ ಬಾಗಿಲ ಹತ್ತಿರ ಎದೆ ಹಾರಿದಾಗ ಮುಂದೆ ಹೋಯಿತು. ಟೇಬಲ್ಲಿಗೆ ಹೋಗಿ ಗುದ್ದಿದಿರಿ, ನೋಡಿಕೊಂಡಿರಾ?"

ನೋಡಿಕೊಂಡಿರಲಿಲ್ಲ. ಮೊಣಕಾಲು ಕೆಂಪಗಾಗಿತ್ತು.

ಆಮೇಲೆ ಹೊರಗಿನ ಅಭ್ಯಾಸ. ಅಂಗಡಿಯ ಸ್ಟಾಕ್ ರೂಮು. ಮೆಟ್ರೋ ಪ್ಲ್ಯಾಟ್‌ಫಾರ್ಮು. ಎಷ್ಟೋ ಸಲ ಅರ್ಧಕ್ಕೆ ಇಳಿದು ಬಂದೆ. ಇಳಿದು ಬಂದ ದಿನ ಊಟ ಸೇರುತ್ತಿರಲಿಲ್ಲ. ಕೂಸು ಮಗ್ಗುಲಾಗುತ್ತದೆ ಎಂದು ಅಶ್ವಿನಿ ವಿಡಿಯೋ ಕಳಿಸುತ್ತಿದ್ದಳು. ಒಂದೇ ವಿಡಿಯೋ ಎಷ್ಟು ಸಲ ನೋಡುವುದು? ಫೋನಿನ ಗಾಜಿನ ಮೇಲೆ ಅದರ ಕೆನ್ನೆಗೆ ಬೆರಳು ಹಚ್ಚಿದರೆ ಚಿತ್ರ ನಿಂತುಬಿಡುತ್ತಿತ್ತು. ಮತ್ತೆ ಒತ್ತಬೇಕು. ನನ್ನ ಹಣೆಬರಹ ಎಂದು ಫೋನನ್ನು ಹಾಸಿಗೆಯ ಮೇಲೆ ಎಸೆಯುತ್ತಿದ್ದೆ. ಮತ್ತೆ ಎತ್ತಿಕೊಳ್ಳುತ್ತಿದ್ದೆ.

ಹೆಸರನ್ನು ಗುರು, ಅಶ್ವಿನಿ ಆರಿಸಿದ್ದರು. ಇಶಾನ್ವಿ. "ಈಶಾನ್ಯ ಅಂದ್ರ ದಿಕ್ಕಲ್ಲವಾ?" ಎಂದು ಶಾಂತವ್ವ ನನಗೆ ಫೋನಿನಲ್ಲಿ ದೂರಿದರು. "ನಮ್ಮ ಕಾಲಕ್ಕ ದೇವರ ಹೆಸರು ಇಡ್ತಿದ್ವಿ, ಈಗ ದಿಕ್ಕಿನ ಹೆಸರು ಬಂದಾವು. ಇರ್ಲಿ, ನೀ ಬಂದು ಏನರೆ ಒಂದು ಇಟ್ಟು ಹೋಗು, ಸಾಕಾಗೇತಿ." ಬಹಳ ದಿನದ ಮೇಲೆ ನಾನು ನಕ್ಕೆ.

ಕೂಸಿಗೆ ನಾಲ್ಕು ತಿಂಗಳು ತುಂಬಲು ಬಂದಾಗ ಒಂದು ಶುಕ್ರವಾರ ತೊಟ್ಟಿಲು ಕಟ್ಟಿದರು. ಯಾರೂ ನನ್ನನ್ನು ಕರೆಯಲು ಬರಬಾರದು, ಕೂಸನ್ನೂ ತರಬಾರದು ಎಂದು ಮೇಡಂ ತಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ನೀವು ಅರ್ಧ ದಾರಿಗೆ ಬಂದರೆ ಅವರ ಪ್ರಪಂಚ ಅಲ್ಲಿಗೇ ನಿಲ್ಲುತ್ತದೆ ಎಂದಿದ್ದರಂತೆ.

ಲಿಫ್ಟು ತೆರೆಯಿತು.

ಹೊರಗೆ ಬಂದೆ. ಗೋಡೆ ಹಿಡಿದೆ. ನಿಜವಾದ ಗಾಳಿ ಮುಖಕ್ಕೆ ಹೊಡೆಯಿತು, ಅದು ಆ ಡಬ್ಬಿಯೊಳಗೆ ಇರಲಿಲ್ಲ. ಎದೆ ಒಂದೇ ಸಮನೆ ಕುಟ್ಟುತ್ತಿತ್ತು. ಕುಟ್ಟಿಕೊ ಎಂದೆ. ಹೆಜ್ಜೆ ಇಟ್ಟೆ. ಕೊನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಒಳಗೆ ಅಶ್ವಿನಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಪಕ್ಕದಲ್ಲಿ ತಮ್ಮ.

ನಡುವೆ ಬಂದಾಗ ಗಾಜಿನ ಆಚೆ ಕಣ್ಣು ಹೋಯಿತು. ಕೆಳಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕಂಡಿತು. ಅಷ್ಟೇ, ಕಾಲು ಕಿತ್ತು ಬರಲಿಲ್ಲ.

ಎಷ್ಟು ಹೊತ್ತು ನಿಂತೆನೋ ತಿಳಿಯದು. ಎದೆ ತಣ್ಣಗಾಗತೊಡಗಿತು. ಎಲ್ಲ ಶಾಂತ. ಮೊದಲಾಗಿದ್ದರೆ, ಇಗೋ ಸಮಾಧಾನವಾಯಿತು, ಇನ್ನು ಇಳಿದುಬಿಡೋಣ ಎನ್ನುತ್ತಿದ್ದೆ. ಇದು ಆ ಅರವತ್ತೆಂಟು ಎಂದು ಗುರುತು ಹಿಡಿದೆ. ಇಲಿಯ ಶಾಂತಿ.

ತಮ್ಮನಿಗೆ ತಡೆಯಲಾಗಲಿಲ್ಲ. "ಅಕ್ಕಾ, ತಡಿ, ನಾ ಬರ್ತೀನಿ" ಎಂದು ಹೊಸ್ತಿಲು ದಾಟಿದ. ಅಶ್ವಿನಿ ಅವನ ಅಂಗಿ ಹಿಡಿದು ಎಳೆದಳು. "ಬ್ಯಾಡ್ರಿ. ಅಕ್ಕಾರು ಬರ್ತಾರ." ನನಗೆ ಅವಳ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಬಂತು. ಒಳಗಿನಿಂದ ಶಾಂತವ್ವನ ದನಿ: "ಬಂದಳೇನ ನಿಮ್ಮ ಅಕ್ಕ? ಕಡ್ಲಿ ಗುಗ್ಗರಿ ಆರಾಕತ್ತೈತಿ!"

ಆ ಮಾತಿಗೆ ನನಗೆ ಫಕ್ಕನೆ ನಗು ಬಂತು. ನಗುವಿನ ಜೊತೆಗೆ ಎದೆ ಮತ್ತೆ ಹೊಡೆದುಕೊಂಡಿತು. ಕಾಲು ಎದ್ದಿತು. ಆಮೇಲೆ ನಾನು ಗಾಜಿನ ಕಡೆ ನೋಡಲಿಲ್ಲ, ನೋಡಲಿಲ್ಲ ಎಂದು ಬಡಾಯಿಯನ್ನೂ ಕೊಚ್ಚುವುದಿಲ್ಲ. ಕೂಸಿನ ಹಣೆ ನೋಡುತ್ತ ನಡೆದೆ. ಆ ಬಡಿತದಲ್ಲಿ ಹೆದರಿಕೆ ಎಷ್ಟಿತ್ತು, ಹಳಹಳಿ ಎಷ್ಟಿತ್ತು ಎಂದು ಮೇಡಂ ಆಮೇಲೆ ಕೇಳಿದರು. ಬೇರೆ ಮಾಡಲು ನನಗೆ ಆಗಲಿಲ್ಲ.

ತೊಟ್ಟಿಲಿಗೆ ಬಗ್ಗಿದೆ. ಕುರ್ರ್ ಎಂದೆ. ಇಶಾನ್ವಿ ಎಂದೆ. ಬೆನ್ನ ಮೇಲೆ ಗುದ್ದುಗಳು ಬಿದ್ದವು ನೋಡಿ, ಎಲ್ಲಕ್ಕಿಂತ ಜೋರಾದದ್ದು ಶಾಂತವ್ವನದು. "ಎಷ್ಟು ಕಾಯಿಸಿದೆವಾ!" ಎಂದು ಹೊಡೆದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ತೊಟ್ಟಿಲ ಹಗ್ಗ ಹಿಡಿದುಕೊಂಡಿದ್ದೆ.

ವಾಸಿಯಾಯಿತೇ ಎಂದರೆ, ಇಲ್ಲ. ಆ ಸಂಜೆ ಇಳಿಯುವಾಗ ತಮ್ಮನ ಕೈ ಹಿಡಿದೇ ದಾಟಿದೆ. ಈಗಲೂ ಲಿಫ್ಟು ತೆರೆದಾಗ ಒಂದು ಸಲ ಬಾಗಿಲು ಮುಚ್ಚಿಕೊಳ್ಳಲು ಬಿಡುತ್ತೇನೆ. ಕೆಲವು ದಿನ ಹಾಗೇ ವಾಪಸ್ ಬರುತ್ತೇನೆ. ಮಾಧವಿ ಮೇಡಂ ಬೈಯುವುದಿಲ್ಲ, ಇನ್ನೊಂದು ಸಲ ಎನ್ನುತ್ತಾರೆ. ಅವರಿಗೆ, ಅಶ್ವಿನಿಗೆ, ಆ ಒರಟು ಬಾಯಿಯ ಬೀಗತಿಗೆ ನಾನು ಋಣಿ.

ಆದರೆ ಹೆಸರಿಟ್ಟ ಆ ಮಧ್ಯಾಹ್ನ ಊಟವೆಲ್ಲ ಮುಗಿದ ಮೇಲೆ ಕೂಸನ್ನು ನನ್ನ ಎದೆಯ ಮೇಲೆ ಹಾಕಿಕೊಂಡು ದಿವಾನದ ಮೇಲೆ ಒರಗಿದ್ದೆ. ನನ್ನ ಎದೆಬಡಿತ ಇನ್ನೂ ಇಳಿದಿರಲಿಲ್ಲ. ಕೂಸಿನ ಬೆನ್ನ ಮೇಲೆ ಅಂಗೈ ಇಟ್ಟೆ. ಒಳಗೆ ಟಕಟಕ ಟಕಟಕ, ನನ್ನದಕ್ಕಿಂತ ಜೋರು. ಗಾಬರಿಯಾಗಿ, "ಅಶ್ವಿನಿ, ಕೂಸಿನ ಎದಿ ನೋಡವಾ, ಹೆಂಗ ಓಡಾಕತ್ತೈತಿ!" ಎಂದೆ.

ಅವಳು ಬಟ್ಟೆ ಮಡಚುತ್ತ ತಲೆ ಎತ್ತಲಿಲ್ಲ. "ಕೂಸಿನ ಎದಿ ಯಾವಾಗ್ಲೂ ಅಷ್ಟ ಓಡ್ತೈತ್ರಿ ಅಕ್ಕಾರ. ಡಾಕ್ಟರ್ ಹೇಳ್ಯಾರ. ಬೆಳಿಯೂ ಮುಂದ ಹಂಗಂತ."

ಕೂಸು ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿತ್ತು. ಅದರ ಜೊಲ್ಲಿನಿಂದ ನನ್ನ ಸೆರಗು ಒದ್ದೆಯಾಗಿತ್ತು. ಅದರದೂ ಓಡುತ್ತಿತ್ತು, ನನ್ನದೂ ಓಡುತ್ತಿತ್ತು. ನಾನು ಏಳಲಿಲ್ಲ.